ಅತ್ತೆಯ ಹದಿನೇಳು ಇಂಚಿನ ರಸ್ತೆ

ನಮ್ಮ ಸೋದರತ್ತೆ ದಾವಣಗೆರೆಯ ಸರಸ್ವತಿ ನಗರದಲ್ಲಿ, ತಮ್ಮ ಮನೆಯ ನಡುಮನೆಯಲ್ಲಿ ಕುಳಿತೇ ಗಂಟೆಗೆ ಇನ್ನೂರು ಮೈಲಿ ವೇಗದಲ್ಲಿ ಕಾರು ಓಡಿಸುತ್ತಿದ್ದರು. ನಂಬಿ! ನೀವು ನಂಬಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರು ಮುಂದಿನ ತಿರುವು ದಾಟಿರುತ್ತಿದ್ದರು, ಆ ಮಾತು ಬೇರೆ.

ಐವತ್ತರ ಆಸುಪಾಸಿನ ಹೆಂಗಸು. ಹಣೆಯ ಮೇಲೆ ಅಚ್ಚುಕಟ್ಟಾಗಿ ವಿಭೂತಿ, ಇಳಕಲ್ ಸೀರೆ, ಕೈತುಂಬಾ ಹಸಿರು ಬಳೆ. ನಿಜವಾದ ರಸ್ತೆಯಲ್ಲಿ ಸೈಕಲ್ಲನ್ನೂ ತುಳಿದವರಲ್ಲ. ಆದರೆ ಆಟೋ ಹತ್ತಿದರೆ ಮಾತ್ರ ಹಿಂದಿನ ಸೀಟಿನಿಂದಲೇ ಗಾಡಿ ಅವರ ಕೈಗೆ ಬರುತ್ತಿತ್ತು. "ಏನಪ್ಪಾ, ಮುಂದಿನ ಲಾರಿಗೇನು ನೆಂಟಸ್ತಿಕೆ ಮಾಡ್ತೀಯಾ? ಹಿಂದೆ ಹಾಕು ಅದನ್ನ!" ಎಂದು ಹುರಿದುಂಬಿಸಿ, ಇಳಿಯುವಾಗ ಆಟೋದವನ ಬೆವರಿಳಿಸಿರುತ್ತಿದ್ದರು. ಇಂಥವರ ಕೈಗೆ ಕಂಪ್ಯೂಟರ್ ಸಿಕ್ಕರೆ ಏನಾಗಬೇಡ?

ಸಿಗುವಂತೆ ಮಾಡಿದವಳು ನಾನೇ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಪಿ.ಜೆ. ಬಡಾವಣೆಯ ಒಂದು ಪುಟ್ಟ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಪಾಠ ಹೇಳುತ್ತಿದ್ದೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ಆಗೆಲ್ಲ ಕಂಪ್ಯೂಟರ್ ಎಂದರೆ ಗರ್ಭಗುಡಿಯೊಳಗಿನ ದೇವರು. ಚಪ್ಪಲಿ ಹೊರಗೆ ಬಿಡಬೇಕು, ಜೋರಾಗಿ ಸೀನಬಾರದು, ಪಾಠ ಮುಗಿದ ಮೇಲೆ ಅದಕ್ಕೆ ಬಟ್ಟೆ ಹೊದಿಸಿ ಮಲಗಿಸಬೇಕು! ಹರಿಹರದ ಹುಡುಗಿ ದಾವಣಗೆರೆಗೆ ಬಂದು ಹೋಟೆಲಿನಲ್ಲಿ ಉಂಡರೆ ತವರಿಗೆ ಅವಮಾನ ಎಂಬುದು ಅತ್ತೆಯ ಸಿದ್ಧಾಂತ. ಹಾಗಾಗಿ ಒಂದು ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಬುತ್ತಿ ಹಿಡಿದು ಕೇಂದ್ರಕ್ಕೇ ಬಂದರು. ವಿದ್ಯಾರ್ಥಿಗಳು ಆಡುತ್ತ ಹಾಗೆಯೇ ಬಿಟ್ಟುಹೋಗಿದ್ದ ಕಾರ್ ರೇಸ್ ಒಂದು ಪರದೆಯ ಮೇಲೆ ಗುರುಗುಡುತ್ತಿತ್ತು.

"ಯಾರದಲೇ ಈ ಕಾರು? ನಿಂತು ಹೊಗೆ ಬಿಡಾಕತ್ತೈತಲ್ಲ!"

"ಯಾರದೂ ಅಲ್ಲ ಅತ್ತೆ. ನೀವೇ ಓಡಿಸ್ರಿ," ಎಂದು ತಮಾಷೆಗೆ ಹೇಳಿ, ಯಾವ ಗುಂಡಿ ಒತ್ತಿದರೆ ಕಾರು ಹೋಗುತ್ತದೆ, ಯಾವುದು ಒತ್ತಿದರೆ ಹೊರಳುತ್ತದೆ ಎಂದು ತೋರಿಸಿದೆ.

ಅವರು ಕೂತರು. ಒತ್ತಿದರು. ಕಾರು ನೆಟ್ಟಗೆ ಹೋಗಿ ಒಂದು ಗೋಡೆಗೆ ಗುದ್ದಿತು. ಅತ್ತೆ ಗಾಬರಿಯಾಗಿ ಎದ್ದು ನಿಂತು, ಪರದೆಗೆ ಕೈಮುಗಿದು, "ತಪ್ಪಾತಪ್ಪ, ಯಾರ ಮನೀನೋ ಏನೋ!" ಎಂದರು. ಗೋಡೆಯಲ್ಲಿ ಯಾರೂ ಇಲ್ಲ, ಕಾರಿಗೂ ಏನೂ ಆಗುವುದಿಲ್ಲ ಎಂದು ತಿಳಿದ ಮೇಲೆ ಅವರ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಎಂದೂ ಮರೆಯಲಾರೆ. ಅಂದು ನನ್ನ ರೊಟ್ಟಿ ಕಲ್ಲಾಯಿತು. ನನ್ನ ಮಧ್ಯಾಹ್ನದ ಪಾಠ ಮಣ್ಣಾಯಿತು. ಅತ್ತೆ ಮಾತ್ರ ತಿರುವು ಬಂದ ಕಡೆಗೆಲ್ಲ ಮೈ ವಾಲಿಸಿ ವಾಲಿಸಿ, ಗಾಲಿ ಹಚ್ಚಿದ ಕುರ್ಚಿ ಸಮೇತ ಕೋಣೆಯ ಇನ್ನೊಂದು ತುದಿ ಸೇರಿದ್ದರು!

ಆಮೇಲೆ ಬುತ್ತಿ ದಿನಾ ಬರತೊಡಗಿತು. ಕೇಂದ್ರದ ಮಾಲೀಕರು ಸಂಕೋಚದಿಂದ, "ಅಮ್ಮಾರು ಅಡ್ಮಿಷನ್ ಮಾಡಿಸ್ತಾರೇನು?" ಎಂದು ನನ್ನನ್ನು ಕೇಳಿದ ದಿನ ಅತ್ತೆಗೆ ರೋಷ ಬಂತು. ಮನೆಗೇ ಕಂಪ್ಯೂಟರ್ ಬರಬೇಕೆಂದು ಹಟ ಹಿಡಿದರು.

ನಮ್ಮ ಮಾವನಿಗೆ ಬಟ್ಟೆ ಅಂಗಡಿ. ಬಟ್ಟೆ ಹರಿದಷ್ಟೇ ನೇರವಾಗಿ ಮಾತಾಡುವ ಮನುಷ್ಯ. "ಅಂಗಡಿ ಲೆಕ್ಕಕ್ಕೂ ಆಗ್ತೈತೆ ಬಿಡು," ಎಂದು ಒಪ್ಪಿದರು. ಅಂಗಡಿಯ ಲೆಕ್ಕ ಆ ಕಂಪ್ಯೂಟರಿನೊಳಗೆ ಒಂದು ದಿನವೂ ಇಣುಕಲಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕೆ?

ಮೊದಲ ಸಲ ಅತ್ತೆ ಜಿಪುಣತನ ತೋರಿಸಿದರು. ಯಾವುದೋ ಆಫೀಸಿನವರು ಹರಾಜು ಹಾಕಿದ ಹಳೆಯ ಕಪ್ಪು-ಬಿಳುಪು ಮಾನಿಟರ್ ಅಗ್ಗಕ್ಕೆ ಸಿಕ್ಕಿತು. "ಆಟಕ್ಕೆ ಬಣ್ಣ ಯಾಕ ಬೇಕು? ರಸ್ತೆ ಹೆಂಗಿದ್ರೂ ಕರಿದೇ ಅಲ್ಲೇನು?" ಎಂದು ವಾದಿಸಿದರು. ತಂದು ಹಚ್ಚಿದ ಮೇಲೆ ನೋಡಿದರೆ ರಸ್ತೆ ಬೂದಿ, ಹೊಲ ಬೂದಿ, ಆಕಾಶ ಬೂದಿ. ಗುಡ್ಡ ಏರಿದ ಕಾರು ರಸ್ತೆಗಿಳಿಯಿತೋ ಶಿವನ ಪಾದ ಸೇರಿತೋ ತಿಳಿಯುತ್ತಿರಲಿಲ್ಲ. ಎದುರಿಗೆ ಬಂದದ್ದು ಲಾರಿಯೋ ಎಮ್ಮೆಯೋ ಗುದ್ದಿದ ಮೇಲೆಯೇ ಗೊತ್ತಾಗುವುದು. ಅತ್ತೆ ಸೋಲುವವರೇ? ಮಿಠಾಯಿ ಡಬ್ಬಿಗೆ ಸುತ್ತುವ ಬಣ್ಣದ ಜಿಲೇಟಿನ್ ಕಾಗದ ತಂದು, ಪರದೆಯ ಮೇಲರ್ಧಕ್ಕೆ ನೀಲಿ, ಕೆಳಗರ್ಧಕ್ಕೆ ಹಸಿರು ಅಂಟಿಸಿದರು. ಆಕಾಶ ಬಂತು, ಹೊಲ ಬಂತು. ಅಂಗಡಿಯಿಂದ ಬಂದ ಮಾವ ಚಪ್ಪಲಿ ಬಿಡುತ್ತಾ ಒಂದು ಸಲ ನೋಡಿ, "ರಸ್ತೇನೂ ಹಸಿರಾತಲ್ಲೇ. ಯಾರ ಹೊಲದಾಗೆ ಹೊಡೀತಿದೀಯ? ಬೆಳೆ ಹಾಳಾಗ್ತೈತೆ," ಎಂದರು.

ಜಿಲೇಟಿನ್ ಕಾಗದ ಕಿತ್ತುಬಂತು. ಜೊತೆಗೆ ಮಾನಿಟರ್ ಕೂಡ.

ಎರಡನೆಯದು ಹೊಸದು. ಬಣ್ಣದ್ದು, ಹದಿನಾಲ್ಕು ಇಂಚಿನದು. ತಂದ ದಿನವೇ ಮಾವ ಅಂಗಡಿಯ ಟೇಪು ತೆಗೆದು ಪರದೆಗೆ ಹಿಡಿದರು. ಅಡ್ಡಡ್ಡ ಹಿಡಿದರೆ ಹನ್ನೊಂದೂ ಇಲ್ಲ. "ಮೂಲೆಯಿಂದ ಮೂಲೆಗೆ ಅಳೀಬೇಕು ಮಾವ," ಎಂದೆ. ಹಾಗೆ ಅಳೆದರೂ ಹದಿನಾಲ್ಕು ಬರಲಿಲ್ಲ! "ಗಾಜಿನ ಅಂಚು ಪ್ಲಾಸ್ಟಿಕ್ ಒಳಗೆ ಸೇರಿರ್ತೈತೆ, ಅದನ್ನೂ ಲೆಕ್ಕಕ್ಕೆ ಹಿಡೀತಾರೆ," ಎಂದು ವಿವರಿಸಿದೆ. ಮಾವ ಟೇಪನ್ನು ನಿಧಾನಕ್ಕೆ ಸುತ್ತುತ್ತಾ ಹೇಳಿದರು: "ಕಾಣದ ಬಟ್ಟೆಗೂ ರೊಕ್ಕ ಇಸ್ಕಂಡ್ರೆ ನನ್ನ ಅಂಗಡಿ ಮುಂದೆ ಜನ ಅಳತೆ ಗಜಕಡ್ಡಿ ಮುರೀತಾರೆ. ಇವರು ಪುಣ್ಯವಂತರು ಬಿಡು."

ಈ ಮಾನಿಟರಿನ ತೊಂದರೆ ಬೇರೆ. ಅದು ನಡುಗುತ್ತಿತ್ತು. ಚೆನ್ನಾಗಿ ಓಡುತ್ತಿರುವ ರಸ್ತೆ ಇದ್ದಕ್ಕಿದ್ದಂತೆ ಹಾವಿನ ಹಾಗೆ ಅಲ್ಲಾಡತೊಡಗುವುದು. ಅತ್ತೆ ಮೊದಲು ಕಂಪನಿಯವರನ್ನು ಬೈದರು, ಆಮೇಲೆ ಕರೆಂಟಿನವರನ್ನು. ಕೊನೆಗೊಂದು ದಿನ ನಾನು ಇದ್ದಾಗಲೇ ಗುಟ್ಟು ರಟ್ಟಾಯಿತು: ಗೋಡೆಯ ಆಚೆ ಬಚ್ಚಲಲ್ಲಿ ನೀರೆತ್ತುವ ಮೋಟರ್ ಇತ್ತು. ಅದು ಗುಂಯ್ ಎಂದಾಗಲೆಲ್ಲ ಅದರ ಅಯಸ್ಕಾಂತದ ಸೆಳೆತಕ್ಕೆ ಇತ್ತ ಚಿತ್ರ ಕುಣಿಯುತ್ತಿತ್ತು. ಕಂಪ್ಯೂಟರನ್ನು ಬೇರೆ ಗೋಡೆಗೆ ಸರಿಸಿದರೆ ಮುಗಿಯಿತು ತಾನೆ? ಆದರೆ ಆ ಗೋಡೆಯಲ್ಲಿ ಪ್ಲಗ್ಗಿಲ್ಲ! ಎಲೆಕ್ಟ್ರಿಷಿಯನ್ ಬರುವವರೆಗೂ ಅತ್ತೆ ಹೊಸ ಕಾನೂನು ಹೊರಡಿಸಿದರು: ರೇಸ್ ನಡೆಯುವಾಗ ಮನೆಯಲ್ಲಿ ಯಾರೂ ನೀರೆತ್ತುವಂತಿಲ್ಲ.

ಅದೇ ದಿನಗಳಲ್ಲಿ ಸಾರಥಿ ಎಂಬ ಹಳ್ಳಿಯಿಂದ ಮಾವನ ಕಡೆಯ ನೆಂಟರೊಬ್ಬರು ಬಂದರು. ರೈತರು, ಗದ್ದೆಯಿಂದ ನೇರ ಬಸ್ಸು ಹತ್ತಿದವರು. ಅಂಗಳದಲ್ಲಿ ಮಣ್ಣುಗಾಲಲ್ಲಿ ನಿಂತು, "ಅಕ್ಕಾರೇ, ಕಾಲಿಗೆ ನೀರು ಕೊಡ್ರಿ," ಎಂದರು. ಒಳಗಿನಿಂದ ಅತ್ತೆಯ ಕೂಗು: "ಇರ್ರಿ ಅಣ್ಣಾ, ಕೊನೇ ಸುತ್ತು ಐತೆ! ನಾನೇ ಮುಂದಿದೀನಿ!" ಆ ಹಿರಿಯರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ವಿಚಿತ್ರವೆಂದರೆ ಅವರು ಬಂದದ್ದೇ ಈ ವಿಷಯಕ್ಕೆ! ಕಾಲೇಜು ಸೇರಿದ್ದ ಮಗಳು ಕಂಪ್ಯೂಟರ್ ಬೇಕೆಂದಿದ್ದಳಂತೆ. ಓದಿಗೂ ಆಗಬೇಕು, ಆಟಕ್ಕೂ ಆಗಬೇಕು. ಎಂಥ ಮಾನಿಟರ್ ಕೊಳ್ಳುವುದು ಎಂದು ಕೇಳಲು ಇಡೀ ಬಳಗದಲ್ಲಿ ಅವರಿಗೆ ತೋಚಿದ ತಜ್ಞರು ನಮ್ಮ ಅತ್ತೆ! ಪಾಠ ಹೇಳುವವಳು ನಾನು ಪಕ್ಕದಲ್ಲೇ ಕೂತಿದ್ದೆ, ಇರಲಿ. ಅತ್ತೆ ರೇಸ್ ಗೆದ್ದು ಬಂದು, ಅವರಿಗೆ ಕಾಲು ತೊಳೆಸಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟು ಉಪದೇಶಕ್ಕೆ ಕೂತರು.

"ನೋಡಣ್ಣಾ, ರೊಕ್ಕ ಕಡಿಮೆ ಐತೆ ಅಂದ್ರೆ ಸಣ್ಣದು ತಗಾ, ಆದ್ರೆ ಹೊಸದು ತಗಾ. ಹಳೇದು ಮಾತ್ರ ಬ್ಯಾಡ. ನನ್ನ ಕಣ್ಣು ಕೇಳು, ಹೇಳ್ತಾವೆ. ನಡುತರ ರೊಕ್ಕ ಇದ್ರೆ ಗಾತ್ರಕ್ಕೆ ಆಸೆ ಬೀಳಬ್ಯಾಡ. ಅದೇ ರೊಕ್ಕಕ್ಕೆ ನಡುಗದೇ ಇರೋದು ಸಿಗ್ತೈತೆ, ಅದನ್ನ ಹಿಡಿ. ಮಾನಿಟರ್ ನೋಡಬ್ಯಾಡ, ಅದರ ಪಕ್ಕದ ಗೋಡೆ ನೋಡು. ಕಡೆಗಣ್ಣಿಗೆ ಪರದೆ ಪಟಪಟ ಅಂತೈತೇನು? ಬಿಟ್ಟು ಬಾ."

"ರೊಕ್ಕ ಜಾಸ್ತಿ ಇದ್ರೆ ಅಕ್ಕಾ?"

"ಜಾಸ್ತಿ ಇದ್ರೆ ಮೊದಲು ಮೇಜು ನೋಡು! ಹದಿನೇಳು ಇಂಚಿಂದು ಹಿಂದಕ್ಕೆ ಹುಲ್ಲಿನ ಬಣವಿ ಇದ್ದಂಗೆ ಇರ್ತೈತೆ. ಮೇಜಿನ ಕಾಲು ಮುರುದ್ರೆ ಮಗಳು ಎಲ್ಲಿ ಓದ್ತಾಳೆ?"

ತಮಾಷೆಯಾಗಿ ಕಂಡರೂ, ನನ್ನನ್ನು ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ, ಅಷ್ಟೆ. ಆ ನೆಂಟರು ಅತ್ತೆ ಹೇಳಿದಂತೆಯೇ ಕೊಂಡರು. ಅಲ್ಲಿಂದ ಸುದ್ದಿ ಹಬ್ಬಿ, ಮಾನಿಟರ್ ಕೊಳ್ಳುವವರು ನಮ್ಮ ಅತ್ತೆಯ ಮನೆಗೆ ಬಂದು ಹೋಗುವುದು ಜಾತಕ ತೋರಿಸುವಷ್ಟೇ ಸಹಜವಾಯಿತು.

ಆಗ ಮಾವನಿಗೆ ಲಕ್ವ ಹೊಡೆಯಿತು.

ಅಂಗಡಿಯಲ್ಲಿ ಬಟ್ಟೆ ಹರಿಯುತ್ತಿದ್ದಾಗಲೇ ಕುಸಿದರಂತೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಒಂದೊಂದೇ ತುಣುಕಾಗಿ, ಎಳೆದು ಎಳೆದು ಬರುತ್ತಿತ್ತು. ನಡುಮನೆಯಲ್ಲೇ ಮಂಚ ಹಾಕಿದರು. ಬೆರಳು ಆಡಿಸಿದಷ್ಟೂ ಒಳ್ಳೆಯದು ಎಂದು ಡಾಕ್ಟರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಮಾವ ಅದನ್ನು ಹಿಡಿದುಕೊಳ್ಳುತ್ತಲೂ ಇರಲಿಲ್ಲ. ಇಟ್ಟರೆ ಉರುಳಿಹೋಗಲು ಬಿಟ್ಟು ಗೋಡೆಯ ಕಡೆ ಮುಖ ಮಾಡುವರು. ಜೀವಮಾನವೆಲ್ಲ ಬಟ್ಟೆ ಅಳೆದ ಕೈ ಅದು. ಅದಕ್ಕೆ ಮಕ್ಕಳ ಚೆಂಡು ಕೊಟ್ಟರೆ ಹೇಗನಿಸಬೇಡ? ಅತ್ತೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿದವರು ತೆಗೆಯಲೇ ಇಲ್ಲ. ಮೋಟರ್ ಈಗ ಬೇಕಾದಷ್ಟು ಹೊತ್ತು ಓಡುತ್ತಿತ್ತು.

ಕೆಲವು ವಾರಗಳ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಯವ್ವಾ, ನಾಳೆ ನನ್ನ ಜೊತೆ ಅಂಗಡಿಗೆ ಬಾ. ಹದಿನೇಳು ಇಂಚಿಂದು ನೋಡಬೇಕು," ಎಂದರು. ತಮ್ಮನನ್ನು ನೋಡಲು ಬಂದಿದ್ದ ಮಾವನ ಅಕ್ಕನ ಕಿವಿಗೆ ಅದು ಬಿತ್ತು. "ಗಂಡ ಹಾಸಿಗೆ ಹಿಡಿದಾನೆ, ಇವಳಿಗೆ ಆಟದ ಪೆಟ್ಟಿಗೆ ಬೇಕಂತೆ! ಜನ ಏನಂತಾರೆ?" ಎಂದು ಸಿಡಿದರು. ಅತ್ತೆ ಒಲೆಯ ಮೇಲಿನ ಗಂಜಿ ಇಳಿಸಿ ಮಾವನಿಗೆ ಕುಡಿಸಲು ಹೋದರು. ಮರುದಿನ ಇಳಕಲ್ ಸೀರೆ ಉಟ್ಟು ಹೊರಟೇಬಿಟ್ಟರು.

ಅಂಗಡಿಯಲ್ಲಿ ಅತ್ತೆ ಮಾಡಿದ್ದು ಸ್ವಯಂವರ! ಮೂರು ಹದಿನೇಳು ಇಂಚಿನ ಮಾನಿಟರುಗಳನ್ನು ಸಾಲಾಗಿ ಇಡಿಸಿ, ಮೂರರಲ್ಲೂ ಒಂದೇ ಕಾರ್ ರೇಸ್ ಹಾಕಿಸಿದರು. ಕಡೆಗಣ್ಣಿನ ಪರೀಕ್ಷೆಯಲ್ಲೇ ಒಂದು ಬಿತ್ತು. ಸೇಲ್ಸ್‌ಮನ್, "ಮೇಡಂ, ಉಳಿದ ಎರಡೂ ಒಂದೇ," ಎನ್ನುತ್ತಿರುವಾಗಲೇ ಅತ್ತೆ ಗಿರಾಕಿಗಳು ಕೂರುವ ಬೆಂಚನ್ನು ಎಳೆಸಿ, ಚಪ್ಪಲಿ ಬಿಟ್ಟು, ಅದರ ಮೇಲೆ ಎಡಮಗ್ಗುಲಾಗಿ ಮಲಗಿಬಿಟ್ಟರು! ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ನಾನು ಕರಗಿ ನೀರಾಗುವುದೊಂದು ಬಾಕಿ.

"ಮೇಡಂ... ಹುಷಾರಿಲ್ಲೇನ್ರಿ? ನೀರು ತರಿಸ್ಲಾ?"

"ನನಗೇನಾಗೈತೆ? ಹುಷಾರಾಗಿದೀನಿ."

"ಅಲ್ಲ, ಇಲ್ಲಿ ಯಾರೂ ಮಲಗಿ ನೋಡಲ್ಲ ಮೇಡಂ."

"ನಮ್ಮನೆಯಾಗೆ ಮಲಗಿ ನೋಡೋರು ಅದಾರಪ್ಪ," ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ಈ ಉಬ್ಬು ಗಾಜಿಂದ್ರಾಗೆ ಕಾರು ಕಾಣಲ್ಲ, ನಿಮ್ಮ ಟ್ಯೂಬ್‌ಲೈಟೇ ಕಾಣ್ತೈತೆ. ಆ ಕಡೆದು ಸಪಾಟಾಗೈತೆ. ಮೂಲೆತನಕ ಚೊಕ್ಕ ಕಾಣ್ತೈತೆ. ಅದನ್ನ ಕಟ್ಟಿಸ್ರಿ."

ಸೇಲ್ಸ್‌ಮನ್ ತಾನೇ ಹೊತ್ತು ತಂದು ಆಟೋದಲ್ಲಿಟ್ಟ.

ಮುಂದಿನ ವಾರ ಸಂಜೆ ಪಾಠ ಮುಗಿಸಿ ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ನಡುಮನೆಯ ಮಂಚದ ಮೇಲೆ ಮಾವನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಪಕ್ಕದಲ್ಲಿ ಅತ್ತೆ. ಇಬ್ಬರ ತೊಡೆಯ ಮೇಲೂ ಬರುವಂತೆ ಒಂದು ಹಲಗೆ, ಹಲಗೆಯ ಮೇಲೆ ಕೀಬೋರ್ಡು. ಕಾರು ಮುಂದೆ ಓಡಿಸುವ ಗುಂಡಿ ಅತ್ತೆಯ ಬೆರಳ ಕೆಳಗೆ. ಎಡಕ್ಕೆ ಬಲಕ್ಕೆ ಹೊರಳಿಸುವ ಗುಂಡಿಗಳ ಮೇಲೆ ಮಾವನ ಬಲಗೈ. ಬೆರಳು ಏಳುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತಿತ್ತು. ಅದು ಗುಂಡಿ ಮುಟ್ಟುವಷ್ಟರಲ್ಲಿ ಕಾರು ರಸ್ತೆ ಬಿಟ್ಟು ಮರಕ್ಕೆ ತಾಗಿರುತ್ತಿತ್ತು. ಉಳಿದ ಕಾರುಗಳೆಲ್ಲ ಯಾವಾಗಲೋ ಹೋಗಿಬಿಟ್ಟಿದ್ದವು.

"ಸೋ... ತೆ," ಎಂದರು ಮಾವ.

"ಯಾರು ಹೇಳಿದ್ದು? ಹೋಗೋರು ಹೋಗ್ಲಿ ಬಿಡ್ರಿ. ನಮಗೇನು ಅವಸರ? ಹಿಂಗೆ ಬಲಕ್ಕೆ ತಗಳ್ರಿ... ಹಾಂ, ಬಂತು ನೋಡ್ರಿ ರಸ್ತೆ!"

ಕಾರು ತೆವಳುತ್ತ ಗುಡ್ಡ ಹತ್ತಿತು. ಆಚೆ ಬದಿಗೆ ಇಳಿಯುತ್ತಿದ್ದಂತೆ ರಸ್ತೆಯ ಪಕ್ಕ ಉದ್ದಕ್ಕೂ ನೀಲಿ ನೀರು ತೆರೆದುಕೊಂಡಿತು. ಅಂಗಡಿ ಬಿಟ್ಟು ಎಲ್ಲಿಗೂ ಹೋಗದ ಮಾವ, ಅವರನ್ನು ಬಿಟ್ಟು ಎಲ್ಲಿಗೂ ಹೋಗದ ಅತ್ತೆ; ಇಬ್ಬರೂ ಇಷ್ಟು ನೀರನ್ನು ಕಣ್ಣಾರೆ ಕಂಡವರಲ್ಲ. ಮಾವ ಕಷ್ಟಪಟ್ಟು ತಲೆ ಎತ್ತಿದರು.

"ಏ... ನದು?"

"ಸಮುದ್ರ ರೀ."

ಮಾವ ನೋಡುತ್ತಲೇ ಇದ್ದರು. ಅತ್ತೆ ಒಂದು ಸಲ ಅವರ ಮುಖ ನೋಡಿ, "ತಡೀರಿ, ನಿಲ್ಲಿಸ್ತೀನಿ," ಎಂದು ಗುಂಡಿಯ ಮೇಲಿನ ಬೆರಳು ತೆಗೆದರು.