ಮಾವನ ಮೊಳೆ, ಅತ್ತೆಯ ದಾರಿ

ಗೋಕಾಕದಿಂದ ಮೂಡಲಗಿಗೆ ಹೋಗುವ ಡಾಂಬರು ರಸ್ತೆ ಇಂದಿಗೂ ಎದ್ದು ಎಲ್ಲಿಗೂ ಹೋಗದೆ ಇದ್ದಲ್ಲೇ ಬಿದ್ದುಕೊಂಡಿದೆಯಲ್ಲ, ಅದಕ್ಕೆ ಕಾರಣ ನಮ್ಮ ಮಾವ! ಅವರು ಅದನ್ನು ಅಲ್ಲಲ್ಲಿ ಮೊಳೆ ಹೊಡೆದು ಹಿಡಿದಿಟ್ಟಿದ್ದಾರೆ. ನಂಬಿಕೆ ಬರದಿದ್ದರೆ ಅವರನ್ನೇ ಕೇಳಿ ನೋಡಿ. ಆದರೆ ಊಟ ಮುಗಿಸಿಕೊಂಡು ಹೋಗಿ, ಏಕೆಂದರೆ ಅವರು ಒಂದನೇ ನಂಬರಿನ ಮೊಳೆಯಿಂದ ಶುರು ಮಾಡುತ್ತಾರೆ.

ಮಾವ ಎಂದರೆ ನನ್ನ ಗಂಡನ ತಂದೆ. ಮೂವತ್ತು ವರ್ಷ ರಸ್ತೆ ಅಳೆಯುವ ತಂಡದಲ್ಲಿದ್ದವರು. ಸಾಹೇಬರು ಮೂರು ಕಾಲಿನ ದುರ್ಬೀನಿಗೆ ಕಣ್ಣು ಹಚ್ಚಿ ಕೈಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದರು. ಆ ಕೈ ಎಲ್ಲಿ ನಿಂತಿತೋ ಅಲ್ಲಿ ಮಾವ ಮೊಳೆ ಹೊಡೆಯಬೇಕು. ಅದೇನು ಕ್ಯಾಲೆಂಡರ್ ತೂಗುಹಾಕುವ ಮೊಳೆ ಎಂದುಕೊಂಡಿರಾ? ಗಟ್ಟಿ ಉಕ್ಕಿನದು. ತಲೆಯ ನಡುವೆ ಸಾಸಿವೆ ಕಾಳು ಕೂರುವಷ್ಟು ಕುಳಿ, ಕೆಳಗೆ ಅಗಲವಾದ ವಾಷರು. ಹೊಡೆದ ಮೇಲೆ ಸುತ್ತ ಕೆಂಪು ಬಣ್ಣದ ಗೆರೆ, ಪಕ್ಕದಲ್ಲಿ ನಂಬರು. ನಿವೃತ್ತಿಯ ದಿನ ಬೇರೆಯವರು ಶಾಲು, ಹಾರ ಹೊತ್ತು ಮನೆಗೆ ಬರುತ್ತಾರೆ. ನಮ್ಮ ಮಾವ ಸಾಹೇಬರ ಹತ್ತಿರ ಕೇಳಿ ಇಸಿದುಕೊಂಡು ಬಂದದ್ದು ಒಂದು ಸುತ್ತಿಗೆ, ಎರಡು ಉಳಿ, ನೀಲಿ ಪುಡಿ ಹಚ್ಚುವ ದಾರ, ಒಂದು ಟೇಪು, ಅರ್ಧ ಡಬ್ಬಿ ಕೆಂಪು ಬಣ್ಣ ಮತ್ತು ಒಂದು ಕ್ಯಾನ್ವಾಸ್ ಚೀಲದ ತುಂಬ ಮೊಳೆ.

ನನ್ನನ್ನು ನೋಡಲು ಹುಕ್ಕೇರಿಗೆ ಬಂದಾಗಲೂ ಅವರ ಅಂಗಿಯ ಜೇಬಿನಲ್ಲಿ ಆ ಟೇಪು ಇತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರೆ ಇವರು ನೆಲ ನೋಡುತ್ತಿದ್ದರು. ಎಷ್ಟು ಸಂಕೋಚದ ಮನುಷ್ಯ ಎಂದು ನಮ್ಮವ್ವ ಮೆಚ್ಚಿಕೊಂಡಳು. ಅವಲಕ್ಕಿ ತಿಂದು, ಚಹಾ ಕುಡಿದು, ಏಳುವ ಹೊತ್ತಾದರೂ ಅವರದು ಮಾತಿಲ್ಲ. ಅಪ್ಪ ಹೆದರುತ್ತಲೇ ಕೇಳಿದರು:

"ಹೆಂಗ ಅನಸ್ತರಿ ನಿಮಗ?"

"ಹುಡುಗಿ ಛಲೋ ಅದಾಳ್ರಿ. ಹೊಸ್ತಿಲ ಎರಡ ಬೆರಳ ಜರಗೇತಿ, ಅಷ್ಟ."

ಮದುವೆಯಾಗಿ ಬಂದ ಮೇಲೆ ತಿಳಿಯಿತು, ಈ ಮನೆಯಲ್ಲಿ ಮಂಚದ ನಾಲ್ಕೂ ಕಾಲಿಗೆ, ನೀರಿನ ಕೊಡಕ್ಕೆ, ಹಿಟ್ಟಿನ ಡಬ್ಬಿಗೆ, ಎಲ್ಲಕ್ಕೂ ನೆಲದ ಮೇಲೆ ಕೆಂಪು ಗುರುತಿದೆ. ಕಸ ಗುಡಿಸುವಾಗ ಮಂಚ ಕೊಂಚ ಸರಿದರೆ ಮಾವ ಮೂಗು ಮುರಿಯುತ್ತಾ ಬಂದು ಗುರುತಿಗೆ ಕೂರಿಸುತ್ತಿದ್ದರು. ಅತ್ತೆ ಬಿಡುವವರೇ?

"ನನ್ನ ಸುತ್ತನೂ ಒಂದ ಗೆರಿ ಹೊಡದ ನಂಬರ ಬರದಬಿಡ್ರಿ. ಎಲ್ಲೂ ಹೋಗೂದಿಲ್ಲ."

"ನೀ ಒಂದ ಕಡೆ ನಿಂತರ ಹೌದಲ್ಲ ಗೆರಿ ಹೊಡಿಯಾಕ!"

ಅದು ಮಾತ್ರ ಖರೆ. ಅತ್ತೆ ನಿಲ್ಲುವವರಲ್ಲ. ಮಾವ ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂರುವವರು, ಅತ್ತೆ ಓಡಾಡುವವರು. ಒಮ್ಮೆ ಮೂಡಲಗಿಗೆ ಹೋಗುವಾಗ ಮಾವ ನನ್ನ ಗಂಡನ ಬೈಕು ನಿಲ್ಲಿಸಿ, ರಸ್ತೆಯ ನಡುವೆ ಕೂತು ಧೂಳು ಊದತೊಡಗಿದರು. ಹಿಂದೆ ಬಸ್ಸು ಬಂದು ನಿಂತಿತು. ಡ್ರೈವರು ತಲೆ ಹೊರಹಾಕಿ ಕೇಳಿದ:

"ಏನ ಕಳಕೊಂಡೀರ್ರಿ ಯಜಮಾನ್ರ?"

"ಏನೂ ಕಳಕೊಂಡಿಲ್ಲಪಾ. ಇದ್ದಲ್ಲೇ ಐತೋ ಇಲ್ಲೋ ನೋಡಾಕತ್ತೇನಿ."

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಬಗ್ಗಿ ನೋಡಿದರು. ಮೊಳೆ ಇತ್ತು. ಮಾವ ಎದ್ದು ಬಸ್ಸಿಗೆ ದಾರಿ ಕೊಟ್ಟರು.

ಇನ್ನು ಅತ್ತೆಯ ಓಡಾಟ. ದಿನಾ ಸಂಜೆ ನಾಲ್ಕಕ್ಕೆ ಅವರು ನಮ್ಮ ಓಣಿಯ ಆ ತುದಿಯ ಬಳೆ ಅಂಗಡಿಗೆ ಹೋಗುತ್ತಿದ್ದರು. ಬಳೆ ಕೊಳ್ಳಲು ಅಲ್ಲ! ಅಂಗಡಿಯ ಯಜಮಾನತಿಯನ್ನು ಊರೆಲ್ಲ ಖಾಲಾ, ಅಂದರೆ ಚಿಕ್ಕವ್ವ, ಎನ್ನುತ್ತದೆ. ಅತ್ತೆ ಈ ಊರಿಗೆ ಸೊಸೆಯಾಗಿ ಬಂದ ವರ್ಷವೇ ಖಾಲಾ ಕೂಡ ಸೊಸೆಯಾಗಿ ಬಂದವರು. ಅಂದಿನಿಂದ ಇಬ್ಬರೂ ದಿನಾ ಒಂದು ತಾಸು ಕೂತು ಮಾತಾಡುತ್ತಾರೆ. ಏನು ಮಾತು? ನನಗೆ ಇಂದಿಗೂ ಗೊತ್ತಿಲ್ಲ. ನಾನು ಒಳಗೆ ಹೋದೊಡನೆ ಇಬ್ಬರೂ ಬಳೆಯ ಬಣ್ಣದ ಬಗ್ಗೆ ಮಾತಾಡತೊಡಗುತ್ತಾರೆ. ಸೊಸೆಯರಿಗೆ ಅಷ್ಟೂ ತಿಳಿಯುವುದಿಲ್ಲವೇ?

ಎರಡು ವರ್ಷದ ಹಿಂದೆ ಅತ್ತೆಯ ಕಣ್ಣು ಮಸುಕಾಗತೊಡಗಿತು. ಪೊರೆ ಬಂದಿರಬೇಕು, ತೆಗೆಸಿದರಾಯಿತು ಎಂದುಕೊಂಡು ಬೆಳಗಾವಿಗೆ ಕರೆದೊಯ್ದೆವು. ಪೊರೆಯಲ್ಲ, ಒಳಗಿನ ನರವೇ ಬಾಡಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ಬರಬರುತ್ತಾ ಅತ್ತೆಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ಉಳಿಯಿತು. ಬಳೆ ಅಂಗಡಿಗೆ ನಾನು ಕೈಹಿಡಿದು ಕರೆದೊಯ್ಯುತ್ತೇನೆಂದೆ. ಎರಡು ದಿನ ಬಂದರು, ಮೂರನೆಯ ದಿನ ಬರಲಿಲ್ಲ.

"ನೀ ಬಾಜೂಕ ಕುಂತರ ನಾವೇನ ಮಾತಾಡೂದವಾ? ನಾ ಒಬ್ಬಾಕಿನ ಹೋಗುವಂಗಿದ್ರ ಹೋಗತೇನಿ, ಇಲ್ಲಂದ್ರ ಇಲ್ಲ."

ಖಾಲಾ ಅವರೇ ಬರಲಿ ಎಂದರೆ ಅವರಿಗೆ ಮೊಣಕಾಲು ನೋವು, ಅದರ ಮೇಲೆ ಅಂಗಡಿ ಬಿಟ್ಟು ಬರುವಂತಿಲ್ಲ. ನಾಲ್ಕು ಗಂಟೆಗೆ ಅತ್ತೆ ತಲೆ ಬಾಚಿಕೊಂಡು, ಸೀರೆ ಸರಿಮಾಡಿಕೊಂಡು, ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದರು. ಐದಕ್ಕೆ ಎದ್ದು ಒಳಗೆ ಬರುತ್ತಿದ್ದರು.

ಹತ್ತು ದಿನ ಕಳೆದಿರಬೇಕು. ಮಾವ ಕ್ಯಾನ್ವಾಸ್ ಚೀಲ ಹೆಗಲಿಗೇರಿಸಿದರು. ಅತ್ತೆಯ ಕೋಲಿನ ತುದಿಗೆ ಕಬ್ಬಿಣದ ಗೊರಸು ಹಾಕಿಸಿಕೊಂಡು ಬಂದರು. ಮನೆ ಬಾಗಿಲಿನಿಂದ ಬಳೆ ಅಂಗಡಿಯ ಮೆಟ್ಟಿಲವರೆಗೆ ಓಣಿಯ ಕಾಂಕ್ರೀಟಿನಲ್ಲಿ ಮೊಳೆ ಹೊಡೆಯುವುದು, ಕೋಲು ತಗುಲಿದಲ್ಲಿ ಟಣ್ ಎನ್ನುವುದು, ಆ ಸದ್ದು ಹಿಡಿದು ಅತ್ತೆ ಒಬ್ಬರೇ ಹೋಗುವುದು! ಯಾರ ಕಾಲಿಗೂ ಚುಚ್ಚದಂತೆ ಮೊಳೆಯ ತಲೆ ನೆಲದ ಸಮಕ್ಕೆ, ಸದ್ದು ಬರಲೆಂದು ದೊಡ್ಡ ವಾಷರು. ನೀಲಿ ದಾರ ಹಿಡಿದು ಚಿಮ್ಮಿಸಿದರು ನೋಡಿ, ಓಣಿಯ ನಡುವೆ ಗೆರೆ ಎಂದರೆ ಗೆರೆ. ಮೂರು ಮೂರು ಅಡಿಗೊಂದು ಮೊಳೆ. ಮಾವ ಎದ್ದುನಿಂತು ಒಂದು ಕಣ್ಣು ಮುಚ್ಚಿ ನೋಡಿ, "ಬಾಣ ಐತಿ, ಬಾಣ!" ಎಂದರು.

ಮರುದಿನ ಅತ್ತೆ ಆ ಬಾಣದ ಮೇಲೆ ಹೊರಟು ಹನ್ನೊಂದನೆಯ ಮೊಳೆಯ ಹತ್ತಿರ ಎದುರುಮನೆಯ ಎಮ್ಮೆಗೆ ಹೋಗಿ ಡಿಕ್ಕಿ ಹೊಡೆದರು. ಎಮ್ಮೆ ಗಾಬರಿಯಾಗಿ ಹಗ್ಗ ಹರಿದುಕೊಂಡಿತು. ಪುಣ್ಯಕ್ಕೆ ಅತ್ತೆಗೆ ಏನೂ ಆಗಲಿಲ್ಲ.

"ನನ್ನ ಲೈನ ಬರೋಬರಿ ಐತಿ," ಎಂದರು ಮಾವ, "ಎಮ್ಮಿ ನಿಂತಿದ್ದ ತಪ್ಪ."

"ಎಮ್ಮಿ ಇಪ್ಪತ್ತ ವರ್ಷದಿಂದ ಅಲ್ಲೇ ನಿಂದರತೈತ್ರಿ!" ಎಂದ ಎದುರುಮನೆಯವನು. ಅದೇ ಎಮ್ಮೆ ಅಲ್ಲ, ಅದರ ಅವ್ವ ಅಜ್ಜಿ ಸೇರಿಸಿ ಲೆಕ್ಕ.

ಅತ್ತೆ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದರು: "ನಾ ಯಾವಾಗರೆ ನಡು ಓಣ್ಯಾಗ ಹಿಂಗ ನೆಟ್ಟಗ ಹೋಗೇನೇನ್ರಿ? ನಿಮಗ ರಸ್ತಾ ಗೊತ್ತೈತಿ. ನಾ ಹೆಂಗ ನಡಿತೇನಿ ಅನ್ನೂದ ಗೊತ್ತಿಲ್ಲ."

ಮೂರನೆಯ ದಿನ ಮಾವ ಉಳಿ ತೆಗೆದುಕೊಂಡು ಹೋಗಿ ತಾವು ಹೊಡೆದ ಮೊಳೆಗಳನ್ನೆಲ್ಲ ತಾವೇ ಕಿತ್ತರು. ಮೂವತ್ತು ವರ್ಷದಲ್ಲಿ ತಾವು ಹೊಡೆದ ಮೊಳೆಯನ್ನು ಅವರು ಕಿತ್ತದ್ದು ಅದೇ ಮೊದಲು. ಆಮೇಲೆ ನನ್ನನ್ನು ಕರೆದು, "ಆಕಿ ಕೈ ಹಿಡಕೊ. ದಾರಿ ನೀ ಹೇಳಬ್ಯಾಡ, ಆಕಿ ಹೋದಂಗ ಹೋಗು," ಎಂದರು. ಅತ್ತೆ ನಡೆದರು. ಹಿಂದೆಯೇ ಮಾವ ಸೀಮೆಸುಣ್ಣ ಹಿಡಿದು, ಬಗ್ಗಿಕೊಂಡು, ಅವರ ಕಾಲು ಬಿದ್ದಲ್ಲೆಲ್ಲ ಗುರುತು ಹಾಕುತ್ತಾ ಬಂದರು.

ಅದೇನು ದಾರಿ ಅಂತೀರಿ! ಎಮ್ಮೆಯನ್ನು ದೂರವಿಟ್ಟು ಹಿಟ್ಟಿನ ಗಿರಣಿಯ ಗೋಡೆಗೆ ಒತ್ತಿಕೊಂಡು, ಅಲ್ಲಿಂದ ಓಣಿ ದಾಟಿ ಟೇಲರನ ಮೆಟ್ಟಿಲ ಹತ್ತಿರ ನಿಂತು "ಹೆಂಗದಾಳೋ ನಿಮ್ಮವ್ವ?" ಎಂದು ಕೇಳಿ, ತಿರುಗಿ ಈಚೆ ಬಂದು ನಳದ ಕಟ್ಟೆ ಸುತ್ತಿ, ಬೇವಿನ ನೆರಳಲ್ಲಿ ಉಸಿರು ತಗೊಂಡು, ಆಮೇಲೆ ಖಾಲಾ ಅಂಗಡಿ. ಗೆರೆ ಎಳೆದರೆ ಅದು ಜಿಲೇಬಿ. ಮಾವ ಆ ಜಿಲೇಬಿಯ ಮೇಲೆ ಒಂದೊಂದೇ ಮೊಳೆ ಹೊಡೆದರು. ಟೇಲರನ ಮೆಟ್ಟಿಲ ಹತ್ತಿರ ಎರಡು ಹೊಡೆದರು, ಅಲ್ಲಿ ಅತ್ತೆ ನಿಲ್ಲುತ್ತಾರೆಂದು. ಓಣಿಯವರು ನಕ್ಕರು. ಮಾವ ತಲೆ ಎತ್ತಲಿಲ್ಲ.

ಅಂದಿನಿಂದ ಅತ್ತೆ ಒಬ್ಬರೇ ಹೋಗಿ ಬರುತ್ತಾರೆ. ನಾಲ್ಕು ಗಂಟೆಗೆ ಓಣಿಯಲ್ಲಿ ಟಣ್, ಟಣ್ ಎಂದು ಕೇಳುತ್ತದೆ.

ಮೊನ್ನೆ ನನಗೂ ಬಳೆ ಬೇಕಿತ್ತು, ಅತ್ತೆಯ ಜೊತೆ ಹೊರಟೆ. ಕೈ ಹಿಡಿಯಲಿಲ್ಲ, ಪಕ್ಕದಲ್ಲಿ ನಡೆದೆನಷ್ಟೆ. ನಳದ ಕಟ್ಟೆಯ ಹತ್ತಿರ ಕೋಲು ಬಿತ್ತು, ಸದ್ದು ಬರಲಿಲ್ಲ. ಬೆಳಿಗ್ಗೆ ನಳದವರು ಅಗೆದು ಮಣ್ಣು ಮುಚ್ಚಿದ್ದರು, ಮೊಳೆ ಹೋಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಒತ್ತಿದರು.

"ಸುಮ್ನಿರು. ಮುಂಜಾನಿ ಅಗಿಯೂ ಸಪ್ಪಳ ಕೇಳಿದ್ನಿ."

"ಮತ್ತ ದಾರಿ ಹೆಂಗ ಗೊತ್ತಾಗತೈತ್ರಿ ಅತ್ತಿ?"

"ಮೊದಲ ಮೊದಲ ಮೊಳಿ ಬೇಕ ಬೇಕಿತ್ತವಾ. ಈಗ ಕಾಲಿಗೆ ಗೊತ್ತಾಗೇತಿ. ಸಪ್ಪಳ ಬೇಕಾಗಿದ್ದು ನನಗಲ್ಲ, ಅವರಿಗೆ."

"ಯಾರಿಗ್ರಿ?"

ಅತ್ತೆ ಗದ್ದದಿಂದ ಹಿಂದೆ ತೋರಿಸಿದರು. ತಿರುಗಿ ನೋಡಿದೆ. ಇಪ್ಪತ್ತು ಹೆಜ್ಜೆ ಹಿಂದೆ, ಗಿರಣಿಯ ಗೋಡೆಗೆ ಒತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮಾವ ನಿಂತಿದ್ದರು. ಸದ್ದು ನಿಂತದ್ದಕ್ಕೆ ಅವರ ಮುಖ ಬಿಳಿಚಿಕೊಂಡಿತ್ತು.

"ದಿನಾ ಬರ್ತಾರ," ಎಂದರು ಅತ್ತೆ ಮೆಲ್ಲಗೆ. "ನನಗ ಗೊತ್ತಿಲ್ಲಂತ ತಿಳಕೊಂಡಾರ. ಅವರ ಕೆಮ್ಮು ತಡಕೊಳ್ಳೂದ ನನಗ ಕೇಳಸೂದಿಲ್ಲೇನ?"

ಕೋಲನ್ನು ನೆಲದ ಮೇಲೆ ಆಡಿಸಿ ನಳದ ಗುಂಡಿಯ ಕಬ್ಬಿಣದ ಮುಚ್ಚಳ ಹುಡುಕಿದರು. ಅದರ ಮೇಲೆ ಜೋರಾಗಿ ಒಂದು ಏಟು ಹಾಕಿದರು, ಟಣ್!

ಹಿಂದೆ ಬರಿಗಾಲಿನ ಹೆಜ್ಜೆ ಮತ್ತೆ ಶುರುವಾಯಿತು.