ನನ್ನ ರಕ್ತದಿಂದ ಕಾಣೆಯಾದ ಪ್ರತಿಕಾಯಗಳಿಗೆ

ಮಾನ್ಯ ಪ್ರತಿಕಾಯಗಳೇ,

ಜನರ ಬಾಯಲ್ಲಿ ಆಂಟಿಬಾಡಿ ಎಂದು ಹೆಸರುವಾಸಿಯಾದ, ನನ್ನ ರಕ್ತದಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದೀರೆಂದು ನಾನು ಗಾಢವಾಗಿ ನಂಬಿದ್ದ ತಮ್ಮ ಪಾದಗಳಿಗೆ, ಪಾದಗಳೆಂಬುವು ಇದ್ದರೆ, ಈ ದರ್ಜಿಯ ಅನಂತ ನಮಸ್ಕಾರಗಳು. ಎಲ್ಲಿದ್ದರೂ ತಾವು ಕ್ಷೇಮವಾಗಿರಿ. ನನ್ನೊಳಗಂತೂ ಇಲ್ಲವೆಂದು ಪ್ರಯೋಗಾಲಯದವರು ಬರೆದುಕೊಟ್ಟಿದ್ದಾರೆ.

ಕಳೆದ ವರ್ಷ ಆ ವೈರಾಣು ಜ್ವರ ಬಡಿದಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಿರಾಕಿಗಳ ಅರ್ಧ ಹೊಲಿದ ಕೋಟುಗಳನ್ನೆಲ್ಲ ಹೊದ್ದುಕೊಂಡು ನಡುಗಿದ್ದು ತಮಗೆ ತಿಳಿಯದ್ದೇನಲ್ಲ. ಎದ್ದು ಕುಳಿತ ಮೇಲೆ ತಮ್ಮ ಗುಣಗಾನ ಮಾಡದ ದಿನವಿಲ್ಲ. ಲಸಿಕೆಯ ಮಾತೆತ್ತಿದವರಿಗೆಲ್ಲ "ನಂಗ್ಯಾಕ್ರೀ ಸೂಜಿ? ಒಳಗೇ ಪಡೆ ಇಟ್ಕೊಂಡಿದೀನಿ" ಎಂದು ಎದೆ ತಟ್ಟಿ ಹೇಳಿದೆ. ದಿನವಿಡೀ ಸೂಜಿಯೊಂದಿಗೆ ಸಂಸಾರ ಮಾಡುವ ಈ ಮನುಷ್ಯನಿಗೆ ಚುಚ್ಚಿಸಿಕೊಳ್ಳಲು ಭಯವೆಂದು ನನ್ನ ಹೆಂಡತಿ ಹಬ್ಬಿಸಿರುವ ಸುದ್ದಿ ನಿಜವೇ ಆಗಿದ್ದರೂ, ಅದು ಇಲ್ಲಿ ಅಪ್ರಸ್ತುತ.

ಹೀಗಿರುವಾಗ ಮಗಳಿಗೆ ಹೆಣ್ಣು ಮಗುವಾಯಿತು. ಆಕೆ ಬಾಗಿಲಲ್ಲೇ ತಡೆದು, "ಅಪ್ಪಾ, ಲಸಿಕೆ ಹಾಕಿಸ್ಕೊಂಡು ಬನ್ನಿ, ಆಮೇಲೆ ಎತ್ಕೊಳ್ಳೋರಂತೆ. ಅಲ್ಲೀತನಕ ಕಿಟಕಿಯಿಂದ ನೋಡಿ" ಎಂದಳು. ಕಿಟಕಿಯ ಬಳಿ ನನಗಿಂತ ಮೊದಲೇ ಇನ್ನೊಬ್ಬರು ನಿಂತಿದ್ದರು: ಅಳಿಯನ ತಾಯಿ, ಅಂದರೆ ನಮ್ಮ ಬೀಗಿತ್ತಿಯವರು. ಅದೇ ಜ್ವರದಲ್ಲಿ ಎರಡು ಸಲ ಸೀನಿ ಎದ್ದು ಓಡಾಡಿದ ಅವರಿಗೂ ತಮ್ಮ ಮೇಲೆ ನನ್ನಷ್ಟೇ ಭಕ್ತಿ, ಲಸಿಕೆ ಬೇಡವೆಂಬ ಹಟವೂ ಅಷ್ಟೇ. ರಕ್ತವೇ ಸಾಕ್ಷಿ ಹೇಳಲೆಂದು ಇಬ್ಬರೂ ಪಂಥ ಕಟ್ಟಿ ಪರೀಕ್ಷೆಗೆ ಹೋದೆವು.

ಅವರ ರಕ್ತದಲ್ಲಿ ತಾವು ತುಂಬಿ ತುಳುಕುತ್ತಿದ್ದೀರಂತೆ. ನನ್ನಲ್ಲಿ ಒಬ್ಬರ ಸುಳಿವೂ ಇಲ್ಲವಂತೆ. ಸೊಂಟದ ಅಳತೆ ಕೇಳಿ ಟೇಪನ್ನೇ ಬೈಯುವ ಗಿರಾಕಿಗಳನ್ನು ಕಂಡು ಜೀವನವಿಡೀ ನಕ್ಕವನು, ಅಂದು ಪ್ರಯೋಗಾಲಯದಲ್ಲಿ ನಿಂತು ಯಂತ್ರವನ್ನು ಬಾಯಿಗೆ ಬಂದಂತೆ ಬೈದೆ. ವೈದ್ಯೆ ಮಾತ್ರ ಇಬ್ಬರಿಗೂ ಒಂದೇ ಮಾತು ಹೇಳಿದರು: "ಪರೀಕ್ಷೇಲಿ ಕಾಣದಿದ್ರೂ ದೇಹಕ್ಕೆ ಆ ಕಾಯಿಲೆ ನೆನಪಿರಬಹುದು. ಕಂಡ್ರೂ ಮತ್ತೆ ಬರಲ್ಲ ಅಂತ ನಾನು ಬರ್ಕೊಡಕ್ಕಾಗಲ್ಲ. ಸುಮ್ನೆ ಲಸಿಕೆ ಹಾಕಿಸ್ಕೊಳ್ಳಿ." ಬೀಗಿತ್ತಿಯವರಿಗೆ ಇದರ ಮೊದಲರ್ಧ ಬೇಕಿರಲಿಲ್ಲ, ಉಳಿದರ್ಧ ಕೇಳಿಸಲಿಲ್ಲ. ವರದಿಗೆ ಗಾಜಿನ ಚೌಕಟ್ಟು ಹಾಕಿಸಿಕೊಂಡು ನೇರವಾಗಿ ಕಿಟಕಿಗೆ ನಡೆದರು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ದಯವಿಟ್ಟು ಮರಳಿ ಬನ್ನಿ. ಅದು ಆಗದಿದ್ದರೆ ರಕ್ತ ತೆಗೆಯುವ ಹೊತ್ತಿಗಾದರೂ ತೋಳಿನ ಹತ್ತಿರ ಬಂದು ಹಾಜರಿ ಹಾಕಿ. ಅದೂ ಕಷ್ಟವೆಂದರೆ ಬೀಗಿತ್ತಿಯವರಲ್ಲಿ ಹೆಚ್ಚಾಗಿರುವವರನ್ನು ಕೆಲವು ದಿನದ ಮಟ್ಟಿಗೆ ಕಳುಹಿಸಿಕೊಡಿ. ಮೊಮ್ಮಗಳು ಆಕಳಿಸುವುದನ್ನು ಗಾಜಿನಾಚೆಯಿಂದ ನೋಡಿ ನೋಡಿ ನನಗೆ ಸಾಕಾಗಿ ಹೋಗಿದೆ. ಇದನ್ನು ತಮಾಷೆಗೆ ಬರೆಯುತ್ತಿಲ್ಲ.

ಇನ್ನೂ ತಮ್ಮ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಸೂಜಿಗೆ ಹೆದರದ ದರ್ಜಿ

ವಿ.ಸೂ.: ತಮ್ಮಿಂದ ಉತ್ತರ ಬಾರದ ಕಾರಣ ಕಣ್ಣು ಮುಚ್ಚಿಕೊಂಡು ಲಸಿಕೆ ಹಾಕಿಸಿಕೊಂಡೆ. ಕಿರುಚಿದ್ದು ನಾನಲ್ಲ. ವೈದ್ಯೆ ಹೇಳಿದಷ್ಟು ದಿನ ಕಾದು, ಈಗ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಈ ಸಾಲುಗಳನ್ನು ಬರೆಯುತ್ತಿದ್ದೇನೆ. ಬೀಗಿತ್ತಿಯವರಲ್ಲಿರುವ ತಮ್ಮ ಬಂಧುಬಳಗದ ಬಗ್ಗೆ ಚಿಂತೆ ಬೇಡ. ಎಲ್ಲರೂ ಚೌಕಟ್ಟಿನ ಸಮೇತ ಕಿಟಕಿಯಾಚೆ ಸೌಖ್ಯವಾಗಿ ನಿಂತಿದ್ದಾರೆ.