ಅಕ್ಕನ ಹೆಗಲ ಮೇಲಿನ ಕೈ

ಮೊದಲೇ ಹೇಳಿಬಿಡುತ್ತೇನೆ, ಈಗ ಹೇಳಲಿರುವುದು ಹೀಗೆಯೇ ನಡೆಯಿತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಅರ್ಧದಷ್ಟು ಸಂಗತಿ ನಡೆದಾಗ ನಾನು ಅಲ್ಲಿರಲಿಲ್ಲ. ಇದ್ದ ಅರ್ಧದಲ್ಲಿ ಕಂಡದ್ದನ್ನು ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ್ದೇನಾದ್ದರಿಂದ, ಈಗ ನೆನಪಿರುವುದು ಕಂಡದ್ದಲ್ಲ, ಹೇಳಿದ್ದು. ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿದವನು ನಾನು. ಯಾವುದನ್ನೂ ಸುಮ್ಮನೆ ನಂಬಬಾರದೆಂದು ಅಲ್ಲಿ ಕಲಿಸಿದರು, ಚೆನ್ನಾಗಿ ಕಲಿತೆ. ನಂಬದ ಮೇಲೆ ಎದ್ದುಹೋಗಿ ಪರೀಕ್ಷಿಸಿ ನೋಡಬೇಕೆಂದೂ ಕಲಿಸಿದ್ದರಂತೆ. ಆ ದಿನ ನಾನು ತರಗತಿಗೆ ಹೋಗಿರಲಿಲ್ಲವೆಂದು ಕಾಣುತ್ತದೆ. ಈಗ ಕೊಲ್ಲಿ ದೇಶದ ಸೀಬ್ ಪಟ್ಟಣದಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕುಳಿತು ಪರರ ಪೆಟ್ಟಿಗೆಗಳೊಳಗೆ ಏನಿದೆಯೆಂದು ಸಂದೇಹಪಡುವ ಕೆಲಸ ಮಾಡುತ್ತೇನೆ. ಊರಿನ ಮತದಾರರ ಪಟ್ಟಿಯಿಂದ ನನ್ನ ಹೆಸರು ಬಿದ್ದುಹೋಗಿ ಬಹುಕಾಲವಾಯಿತು. ಇಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿರುವ ಉಮ್ ಸಾಲಿಂ ಎಂಬಾಕೆ ತನ್ನ ಪುರಸಭೆಯ ಮತವನ್ನು ಫೋನಿನಲ್ಲೇ ಹಾಕಿ ಮುಗಿಸುವಾಗ ಪಕ್ಕದಲ್ಲಿ ನಿಂತು ಸಲಹೆ ಕೊಡುವ ಆಸೆಯಾಗುತ್ತದೆ. ಎರಡು ಕಡೆಯೂ ಮತವಿಲ್ಲದೆ, ಎರಡು ಕಡೆಯೂ ಅಭಿಪ್ರಾಯವಿರುವ ಮನುಷ್ಯ ನಾನು.

ಊರಿನಲ್ಲಿ ನಗರಸಭೆ ಚುನಾವಣೆಗೆ ನನ್ನ ಅಕ್ಕ ಸುಮತಿ ಪಕ್ಷೇತರಳಾಗಿ ನಿಂತಳು. ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು. ಅಕ್ಕ ಅಲ್ಲಿ ಅರ್ಧ ವಾರ್ಡಿಗೆ ಹೊಲಿಗೆ ಕಲಿಸಿದವಳು. ಚಿಹ್ನೆಯೂ ಹೊಲಿಗೆ ಯಂತ್ರವೇ ಸಿಕ್ಕಿತು. ಇನ್ನು ಬೇಕಾದದ್ದು ಒಂದು ಫೋಟೋ. ಈಗಿನ ಚುನಾವಣೆಯಲ್ಲಿ ಒಬ್ಬರೇ ನಿಂತ ಫೋಟೋ ಸಾಲದು. ಎದುರಾಳಿಯ ಫ್ಲೆಕ್ಸಿನಲ್ಲಿ ಆಕೆ ತಾಯಿಯ ಕಾಲು ಮುಟ್ಟುತ್ತಿದ್ದಳು, ಗಂಡ ಹಿಂದೆ ನಿಂತು ತೃಪ್ತಿಯಿಂದ ನೋಡುತ್ತಿದ್ದ. ಚರಂಡಿ ಸರಿಮಾಡಲು ಕುಟುಂಬ ಯಾಕೆ ಬೇಕು ಎಂದು ಕೇಳಬಹುದು. ನಾನೂ ಕೇಳಿದೆ. ಆಗ ಎಲ್ಲರೂ ಫೋಟೋ ಹುಡುಕುತ್ತಿದ್ದರು. ಕೊನೆಗೆ ಆರಿಸಿದ್ದು, ಅಕ್ಕ ಭಾವ ಹಿಂದಿನ ಚಳಿಗಾಲದಲ್ಲಿ ಸೀಬ್‌ಗೆ ಬಂದಿದ್ದಾಗ ನಮ್ಮ ಗೇಟಿನ ಮುಂದೆ ತೆಗೆದ ಫೋಟೋವನ್ನು. ಅದು ನನ್ನ ಹೆಂಡತಿ ಶಾಲಿನಿಯ ಫೋನಿನಲ್ಲಿತ್ತು.

ಆ ಫೋಟೋ ತೆಗೆದವನು ನಾನೇ. ಹಾಗೆಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಮಧ್ಯದಲ್ಲಿ ಅಕ್ಕ, ಬಲಕ್ಕೆ ಭಾವ ಮತ್ತು ಅವರ ಮಗ ನಿಖಿಲ, ಎಡಕ್ಕೆ ಸೊಸೆ ಗ್ರೇಸ್, ಗ್ರೇಸ್‌ನ ಸೊಂಟದ ಮೇಲೆ ಐದು ವರ್ಷದ ಆಶಾ. ನಿಖಿಲನಿಗೆ ಇದೇ ದೇಶದ ದುಕ್ಮ್ ಬಂದರಿನಲ್ಲಿ ಕೆಲಸ. ಗ್ರೇಸ್ ಅಲ್ಲಿಯ ಕಂಪನಿಯ ಕ್ಲಿನಿಕ್ಕಿನಲ್ಲಿ ನರ್ಸ್, ಮೊಂಬಾಸಾದವಳು. ಮದುವೆಯಾದ ಹೊಸತರಲ್ಲಿ ನಮ್ಮ ಬಂಧುಗಳು ‘ಆಫ್ರಿಕಾದವಳು’ ಎಂದು ದನಿ ತಗ್ಗಿಸಿ ಹೇಳುತ್ತಿದ್ದರು, ಕಾಯಿಲೆಯ ಹೆಸರು ಹೇಳುವಂತೆ. ನಮ್ಮ ಮನೆಯಲ್ಲಿ ಬೆಳ್ಳಗಿರುವವರು ಯಾರೂ ಇಲ್ಲವೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಮಗು ಹುಟ್ಟಿದಾಗ ಆಶಾ ಎಂಬ ಹೆಸರು ಎರಡು ಕಡೆಯವರಿಗೂ ಒಪ್ಪಿಗೆಯಾಯಿತು. ಅದು ಗ್ರೇಸ್ ಕಡೆಯವರಲ್ಲೂ ಇರುವ ಹೆಸರು, ಅವರ ಸ್ವಾಹಿಲಿ ಭಾಷೆಯಲ್ಲಿ ಬದುಕು ಎಂದು ಅರ್ಥವಂತೆ. ಉಮ್ ಸಾಲಿಂನ ತಾಯಿ ತಂದೆ ಆಫ್ರಿಕಾದ ಜಂಜಿಬಾರಿನಿಂದ ಇಲ್ಲಿಗೆ ಮರಳಿ ಬಂದವರು, ಮನೆಮಾತು ಸ್ವಾಹಿಲಿ. ಗ್ರೇಸ್ ಬಂದಾಗಲೆಲ್ಲ ಇಬ್ಬರೂ ಗೇಟಿನಲ್ಲಿ ನಿಂತು ಗಂಟೆಗಟ್ಟಲೆ ಹರಟುತ್ತಾರೆ. ಇಷ್ಟು ವರ್ಷ ಈ ಮನೆಯಲ್ಲಿದ್ದು ಅರಬ್ಬಿಯ ‘ಯಲ್ಲಾ’, ‘ಖಲಾಸ್’ಗಳ ಆಚೆ ಹೋಗದ ನಾನು, ನನ್ನದೇ ಬಾಡಿಗೆಮನೆಯ ಮುಂದೆ ಪರದೇಶಿಯಂತೆ ಚಪ್ಪಲಿ ಹುಡುಕುತ್ತಿರುತ್ತೇನೆ.

ಫೋಟೋದಲ್ಲಿ ಗ್ರೇಸ್‌ನ ಒಂದು ಕೈ ಅಕ್ಕನ ಹೆಗಲ ಮೇಲಿತ್ತು. ಇಡಲು ಹೇಳಿದವನು ನಾನು. “ಗ್ರೇಸ್, ಅತ್ತೆಯ ಹೆಗಲ ಮೇಲೆ ಕೈ ಇಡು, ಚಂದ ಕಾಣ್ತದೆ” ಎಂದದ್ದು, ಆಮೇಲೆ ಒಂದು, ಎರಡು, ಮೂರು ಎಂದು ಎಣಿಸಿದ್ದು, ಎಲ್ಲ ನೆನಪಿತ್ತು.

ಫ್ಲೆಕ್ಸ್ ಮಾಡಿಸುವ ಮುಂಚೆ ಭಾವ ಫೋನ್ ಮಾಡಿದರು. ಅಕ್ಕನೂ ಲೈನಿನಲ್ಲಿದ್ದಳು. ಭಾವ ಕೇಳಿದರು: “ನೀನು ಇದನ್ನೇ ಕಲಿತವ ಅಲ್ವಾ ಮಾರಾಯಾ, ಒಂದು ಹೇಳು. ಗ್ರೇಸ್‌ನ ಫೋಟೋ ನೋಡಿದ್ರೆ ಜನ ಕೇಳ್ತಾರೆ. ಯಾರು, ಎಲ್ಲಿಯವಳು, ಯಾವ ಜಾತಿ, ಹೇಗೆ ಗಂಟುಬಿತ್ತು ಅಂತ. ಮನೆಮನೆಗೆ ಹೋಗಿ ಚರಂಡಿಯದ್ದು ಹೇಳುದಾ, ಸೊಸೆಯದ್ದು ಹೇಳುದಾ?” ನಾನು ಗಂಟಲು ಸರಿಮಾಡಿಕೊಂಡು, ಮತದಾರ ಕುಟುಂಬದ ಚಿತ್ರದಲ್ಲಿ ತನ್ನನ್ನೇ ಹುಡುಕುತ್ತಾನೆ, ಆದರೆ ಹಾಗೆಂದು ಖಚಿತವಾಗಿ ಹೇಳಲಾಗದು, ಒಂದು ವಾರ್ಡಿನ ಮಾತು ಇನ್ನೊಂದಕ್ಕೆ ಒಗ್ಗದು ಎಂದು ಆರಂಭಿಸಿದೆ. ನಡುವೆ ಅಕ್ಕ ಅಂದಳು: “ಅದನ್ನು ಬಿಡಿ.” ನನ್ನ ಉಪನ್ಯಾಸ ಎಷ್ಟು ಹೊತ್ತು ನಡೆಯಿತೋ, ನಿಲ್ಲಿಸಿದಾಗ ಆ ಕಡೆ ಯಾರೂ ಇರಲಿಲ್ಲ.

ಭಾವ ಫೋಟೋದಿಂದ ಗ್ರೇಸ್‌ಳನ್ನು ಬಿಡಿಸಿದರು. ‘ನಿಮ್ಮ ಮನೆಮಗಳು ಸುಮತಿಯಕ್ಕ’ ಎಂಬ ದಪ್ಪಕ್ಷರಗಳ ಕೆಳಗೆ ಅಕ್ಕ, ಭಾವ, ನಿಖಿಲ. ಸೊಸೆ ಇಲ್ಲ, ಮೊಮ್ಮಗಳಿಲ್ಲ. ಆದರೆ ಅಕ್ಕನ ಸೀರೆಯ ಅಂಚು ಕೆಡುತ್ತದೆಂದು ಫ್ಲೆಕ್ಸಿನವನು ಹೆಗಲಿನ ತಂಟೆಗೆ ಹೋಗಿರಲಿಲ್ಲ. ಹೀಗಾಗಿ ಮಣಿಕಟ್ಟಿನಿಂದ ಈಚೆಗೆ ಒಂದು ಕೈ, ಐದು ಬೆರಳು ಬಿಡಿಸಿಕೊಂಡು, ಯಾರ ಮೈಗೂ ಸೇರದೆ ಅಲ್ಲೇ ಉಳಿಯಿತು. ಅಕ್ಕನ ಮುಖವನ್ನು ಎರಡು ಸುತ್ತು ಬೆಳ್ಳಗೆ ಮಾಡಿದ್ದರಿಂದ ಆ ಕಪ್ಪು ಕೈ ಇನ್ನಷ್ಟು ಎದ್ದು ಕಂಡಿತು.

ನಮ್ಮ ಕಡೆ ಚುನಾವಣೆಯ ಕಾಲದಲ್ಲಿ ಕೈ ಎಂದರೆ ಬರೀ ಕೈಯಲ್ಲವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. “ಪಕ್ಷೇತರ ಅಂತೆ! ಹಾಗಾದ್ರೆ ಹೆಗಲ ಮೇಲೆ ಯಾರ ಕೈ?” ಎಂದು ಎದುರಾಳಿಯ ಕಡೆಯವರು ಕೇಳಿದರು. ಕೈಯವರೇ ಬಂದು, “ನಮ್ಮ ಕ್ಯಾಂಡಿಡೇಟು ಬೇರೆ ಇದ್ದಾರೆ, ನೀವ್ಯಾಕೆ ನಮ್ಮ ಚಿಹ್ನೆ ಹಾಕಿಕೊಂಡದ್ದು?” ಎಂದು ಜಗಳ ತೆಗೆದರು. ಒಬ್ಬರು ಅಜ್ಜಿ, ಅದು ಅಕ್ಕನ ತೀರಿಹೋದ ಅತ್ತೆಯ ಕೈ, ಆಶೀರ್ವಾದಕ್ಕೆ ಬಂದದ್ದು ಎಂದು ತೀರ್ಮಾನಿಸಿ ಫ್ಲೆಕ್ಸಿಗೆ ಕೈಮುಗಿದರಂತೆ. ಇಷ್ಟಕ್ಕೆ ನಿಂತಿದ್ದರೆ ನಗಬಹುದಿತ್ತು. ರಿಕ್ಷಾ ಸ್ಟ್ಯಾಂಡಿನಲ್ಲಿ ಯಾರೋ, “ಅಷ್ಟು ಕಪ್ಪಲ್ವಾ, ಕೆಲಸದವಳದ್ದಿರಬೇಕು” ಅಂದರು. ಅದನ್ನು ಒಬ್ಬ ಗೆಳೆಯ ನಿಖಿಲನಿಗೆ ತಮಾಷೆಯೆಂದು ಕಳಿಸಿದ. ಗ್ರೇಸ್ ಅದನ್ನು ದುಕ್ಮ್‌ನಲ್ಲಿ ಓದಿದಳು. ಮೆಸೇಜು ತುಳುವಿನಲ್ಲಿತ್ತು. ಗ್ರೇಸ್‌ಗೆ ತುಳು ಬರುತ್ತದೆ, ಅದನ್ನು ಕಲಿಸಿದವಳು ಅಕ್ಕ.

ಆ ಶುಕ್ರವಾರ ನಿಖಿಲ ಮತ್ತು ಗ್ರೇಸ್ ಮಗುವಿನ ಜೊತೆ ಸೀಬ್‌ಗೆ ಬಂದರು. ಗ್ರೇಸ್ ಚಹಾ ಮುಟ್ಟಲಿಲ್ಲ. ನನ್ನ ಎದುರು ಕೂತು ಕೇಳಿದಳು: “ಮಾವ, ನೀವು ಫೋನಿನಲ್ಲಿದ್ರಿ. ಮಾಮಿ ‘ಬಿಡಿ’ ಹೇಳಿದ್ದು ನನ್ನನ್ನು ಹಾಗೇ ಇರ್ಲಿಕ್ಕೆ ಬಿಡಿ ಅಂತಲಾ, ತೆಗೆದುಬಿಡಿ ಅಂತಲಾ?” ಮಾಮಿ ಎಂದರೆ ತುಳುವಿನಲ್ಲಿ ಅತ್ತೆ. ಭಾವ ಒಂದು ಅರ್ಥ ಹೇಳುತ್ತಿದ್ದರು, ಅಕ್ಕ ಇನ್ನೊಂದು. ಸಾಕ್ಷಿ ನಾನೊಬ್ಬನೇ.

ಆ ಮಾತನ್ನು ನೆನೆದು ನೋಡಿದೆ. ಅಕ್ಕನ ದನಿ ಕಿವಿಯಲ್ಲಿತ್ತು, ಆದರೆ ನೆನೆದಷ್ಟು ಸಲವೂ ನಾನು ಬಯಸಿದ ಹಾಗೆ ಕೇಳುತ್ತಿತ್ತು. ಹಾಗೆಂದು ಪ್ರಾಮಾಣಿಕವಾಗಿ ಹೇಳಿದೆ. ನೆನಪೆಂಬುದು ದಾಸ್ತಾನಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವಂಥದು ಎಂದು ವಿವರಿಸಿದೆ. ಶಾಲಿನಿ ಅಡಿಗೆಮನೆಯಿಂದಲೇ, “ಅವಳು ಕೇಳಿದ್ದಕ್ಕೆ ಹೇಳಿ ಮಾರಾಯ್ರೆ, ಪಾಠ ಮಾಡ್ಬೇಡಿ” ಅಂದಳು. ಸಮಾಧಾನವಾಗಲೆಂದು ಗ್ರೇಸ್‌ಗೆ ಹೇಳಿದೆ: “ಆ ಕೈ ಅಲ್ಲಿಗೆ ಬಂದದ್ದೇ ನಾನು ಇಡಲಿಕ್ಕೆ ಹೇಳಿದ್ದರಿಂದ, ನೀನು ಬೇಜಾರು ಮಾಡ್ಬೇಡ.” ಇದರಿಂದ ಯಾರಿಗೆ ಏನು ಸಮಾಧಾನವಾಗಬೇಕಿತ್ತೋ ಈಗ ತಿಳಿಯದು. “ಹೌದಾ? ನಂಗೆ ನೆನಪಿಲ್ಲ. ಆಶಾ ಜಾರ್ತಾ ಇದ್ದಳು, ಅವಳನ್ನೇ ನೋಡ್ತಿದ್ದೆ” ಅಂದಳು ಗ್ರೇಸ್. ಅವಳ ಮುಖ ಮತ್ತಷ್ಟು ಸಪ್ಪಗಾಯಿತು. ಕೈಯಾದರೂ ಮನೆಯವರು ಒಲಿದು ಇರಿಸಿಕೊಂಡದ್ದೆಂಬ ಒಂದು ಎಳೆ ಉಳಿದಿತ್ತೋ ಏನೋ, ಅದನ್ನೂ ನಾನು ಕಿತ್ತುಕೊಂಡೆ.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಗ್ರೇಸ್ ಎತ್ತಿ ಸ್ಪೀಕರಿಗೆ ಹಾಕಿದಳು. ಅಕ್ಕ ಪೀಠಿಕೆಯಿಲ್ಲದೆ ಹೇಳಿದಳು: “ಮಗಾ, ಒಂದು ವಾರ ಬಾ. ಎಲ್ಲರೂ ಕೈ ಯಾರದ್ದು ಕೇಳ್ತಾರೆ. ನನ್ನ ಸೊಸೆದು ಅಂದ್ರೆ ನಂಬುದಿಲ್ಲ.”

“ಈಗ ಕೈ ಬೇಕಾಯ್ತಾ ಮಾಮಿ? ಉಳಿದದ್ದು ಬೇಡ ಅಲ್ವಾ?”

“ಉಳಿದದ್ದೂ ಬೇಕು,” ಅಂದಳು ಅಕ್ಕ. “ಫ್ಲೆಕ್ಸ್ ಬಂದ ದಿನವೇ ಹೇಳ್ಬೇಕಿತ್ತು. ಓಟು ಹೋಗ್ತದೆ ಅಂತ ಬಾಯಿ ಮುಚ್ಚಿ ಕೂತೆ. ಆದ್ರೆ ತೆಗೀರಿ ಅಂತ ನಾನು ಹೇಳಿಲ್ಲ ಮಗಾ.”

ಗ್ರೇಸ್ ರಜೆ ಹಾಕಿ ಆಶಾಳನ್ನು ಕರೆದುಕೊಂಡು ಹೋದಳು. ಮುಂದಿನದೆಲ್ಲ ನಾನು ಕೇಳಿದ ಮಾತು. ಅಕ್ಕ ಪ್ರತಿ ಮನೆಯ ಅಂಗಳದಲ್ಲೂ ಗ್ರೇಸ್‌ನ ಕೈ ಎತ್ತಿ ಹಿಡಿದು, “ನೋಡಿ, ಈ ಕೈ. ನನ್ನ ಸೊಸೆದು. ನಾನೇ ಹಿಡಿದು ಹೆಗಲ ಮೇಲೆ ಇಟ್ಟುಕೊಂಡದ್ದು” ಎನ್ನುತ್ತಿದ್ದಳಂತೆ. ಕೆಲವರು ಬಾಗಿಲು ಅರ್ಧವೇ ತೆರೆದರು. ಕೆಲವರು ಆಶಾಳ ಕೂದಲು ಮುಟ್ಟಿ ನೋಡಿದರು; ಅವಳು ತಿರುಗಿ ಅವರ ಕೂದಲು ಮುಟ್ಟಿದಳು. ಫ್ಲೆಕ್ಸಿಗೆ ಕೈಮುಗಿದ ಅಜ್ಜಿ ಗ್ರೇಸ್‌ನ ತುಳು ಕೇಳಿ, “ನನ್ನ ಬೆಂಗಳೂರಿನ ಸೊಸೆಗೆ ಇಷ್ಟೂ ಬರುದಿಲ್ಲ” ಎಂದು ಕಣ್ಣೀರು ಹಾಕಿದರು. ಅದು ಯಾರ ಸಲುವಾಗಿ ಎಂಬುದು ಬೇರೆ ವಿಚಾರ.

ಅಕ್ಕ ಸೋತಳು. ಮೂರನೆಯವಳಾಗುತ್ತಾಳೆ ಎಂದಿದ್ದರು, ಎರಡನೆಯವಳಾದಳು. ಗ್ರೇಸ್ ಬಂದದ್ದರಿಂದ ಸೋತದ್ದು ಎಂದು ಭಾವ, ಗ್ರೇಸ್ ಬಂದದ್ದರಿಂದ ಅಷ್ಟಾದರೂ ಬಂತು ಎಂದು ನಿಖಿಲ. ನನ್ನನ್ನು ಕೇಳಿದರು. ಮತಪೆಟ್ಟಿಗೆಯಲ್ಲಿ ಕಾರಣ ಬರೆಯಲು ಜಾಗವಿರುವುದಿಲ್ಲ ಎಂದೆ. ಇಷ್ಟೊಂದು ವಿಷಯದಲ್ಲಿ ತಪ್ಪಿದ ಮೇಲೆ ಇದೊಂದು ಮಾತಾದರೂ ಸರಿಯಿದೆ ಎಂದುಕೊಂಡಿದ್ದೇನೆ.

ಊರಿನಿಂದ ಮರಳಿ ದುಕ್ಮ್‌ಗೆ ಹೋಗುವ ದಾರಿಯಲ್ಲಿ ಗ್ರೇಸ್ ನಮ್ಮಲ್ಲಿಳಿದಳು. ಈ ಸಲ ಚಹಾ ಕುಡಿದಳು. ಆಮೇಲೆ ಲೋಟ ಕೆಳಗಿಟ್ಟು, “ಮಾವ, ಮಾಮಿ ಹೇಳ್ತಾರೆ ತಾನೇ ಕೈ ಹಿಡಿದು ಇಟ್ಟದ್ದು ಅಂತ. ನೀವು ಹೇಳ್ತೀರಿ ನೀವು ಹೇಳಿ ಇಡಿಸಿದ್ದು ಅಂತ. ನಿಮ್ಮಿಬ್ಬರಲ್ಲಿ ಒಬ್ಬರು ಪ್ರಚಾರ ಮಾಡ್ತಿದ್ದೀರಿ” ಎಂದಳು. ನಗುತ್ತಲೇ ಹೇಳಿದಳು. ಆದರೆ ಕಣ್ಣು ನನ್ನ ಮೇಲಿಂದ ಸರಿಯಲಿಲ್ಲ. ಅಕ್ಕ ಅಷ್ಟೂ ಅಂಗಳಗಳಲ್ಲಿ ಆಡಿದ್ದು ನಿಜವೋ, ಓಟಿಗೆ ಹೇಳಿದ್ದೋ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು. ನಾನು ನೆನಪಿನ ಸ್ವರೂಪದ ಬಗ್ಗೆ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಶಾಲಿನಿ ತನ್ನ ಫೋನನ್ನು ನನ್ನ ಮುಂದಿಟ್ಟಳು. “ಇದ್ರಲ್ಲಿ ಫೋಟೋ ಒತ್ತಿ ಹಿಡಿದ್ರೆ ಅಲ್ಲಾಡ್ತದೆ, ಮಾತೂ ಕೇಳ್ತದೆ. ಕ್ಲಿಕ್ಕಿನ ಸ್ವಲ್ಪ ಮುಂಚಿನದ್ದು ಬಂದಿರ್ತದೆ. ಇಷ್ಟು ದಿನ ವಾದ ಮಾಡುವ ಬದಲು ಒಂದು ಸಲ ಒತ್ತಬಹುದಿತ್ತು ನೀವು.”

ಗ್ರೇಸ್ ಒತ್ತಿ ಹಿಡಿದಳು. ಚಿತ್ರ ಒಮ್ಮೆ ಕದಲಿತು. ಅಕ್ಕ ತಿರುಗಿ ನೋಡದೆಯೇ ಕೈ ಹಿಂದೆ ಚಾಚಿ, ಗ್ರೇಸ್‌ನ ಕೈಯನ್ನು ತಡವಿ ಹಿಡಿದು, ತನ್ನ ಹೆಗಲ ಮೇಲೆ ಎಳೆದುಕೊಂಡು, ಮೆಲ್ಲಗೆ ಒಮ್ಮೆ ತಟ್ಟಿ ಬಿಟ್ಟಳು. “ಮುಟ್ಟ ಬಲ ಮಗಾ,” ಹತ್ತಿರ ಬಾ ಎಂದು ತುಳುವಿನಲ್ಲಿ ಅವಳ ದನಿ. ಗ್ರೇಸ್ ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ಅದನ್ನು ತನ್ನ ಫೋನಿಗೆ ಕಳಿಸಿಕೊಂಡು, ಅಂಗಳದಲ್ಲಿ ಆಡುತ್ತಿದ್ದ ಆಶಾಳಿಗೆ ತೋರಿಸಲು ಹೊರಗೆ ಹೋದಳು.

ಅವರು ಹೊರಟುಹೋದ ಮೇಲೆ ನಾನೊಬ್ಬನೇ ಕೂತು ಪೂರ್ತಿ ಚಿತ್ರವನ್ನು ನೋಡಿದೆ. ಇಷ್ಟು ಕಾಲ ಆ ಚಿತ್ರವನ್ನು ನಾನು ನೋಡಿದ್ದು ಊರಿನಿಂದ ಕಳಿಸಿದ ಫ್ಲೆಕ್ಸಿನ ಫೋಟೋದಲ್ಲಿ ಮಾತ್ರ. ಒತ್ತಿ ಹಿಡಿದು ಕಿವಿಗಿಟ್ಟರೆ ಎಣಿಸುವ ದನಿ ಕೇಳಿಸಿತು. ಅದು ನನ್ನದಲ್ಲ, ಕ್ಯಾಮೆರಾದ ಹಿಂದಿನಿಂದ ಉಮ್ ಸಾಲಿಂ ಸ್ವಾಹಿಲಿಯಲ್ಲಿ ಎಣಿಸುತ್ತಿದ್ದಳು. ಚಿತ್ರದ ಎಡತುದಿಯಲ್ಲಿ, ಗ್ರೇಸ್‌ನಿಂದ ಸ್ವಲ್ಪ ಆಚೆ, ಫ್ಲೆಕ್ಸಿನವನು ಅವಳ ಜೊತೆಗೇ ಕತ್ತರಿಸಿ ಹಾಕಿದ ಭಾಗದಲ್ಲಿ ಇನ್ನೊಬ್ಬ ಮನುಷ್ಯ ನಿಂತಿದ್ದ. ದೊಡ್ಡದು ಮಾಡಿ ನೋಡಿ ಖಚಿತಪಡಿಸಿಕೊಂಡೆ: ಅದು ನಾನೇ, ಕಣ್ಣು ಮುಚ್ಚಿದ್ದೇನೆ.